ರೋಗಿಯ ವೇಷ, ವೈದ್ಯನ ಪರೀಕ್ಷೆ

“ರಾತ್ರಿಯಾದರೆ ಉಬ್ಬಸ ಸಾರ್” ಎನ್ನುವ ಈತ ರೋಗಿಯಲ್ಲ, ರೋಗಿಯ ಪಾತ್ರ ಕಲಿತವನು. ಎದುರು ಕುಳಿತ ವೈದ್ಯ ವಿದ್ಯಾರ್ಥಿ ಏನು ಕೇಳುತ್ತಾನೆ, ಹೇಗೆ ಕೇಳುತ್ತಾನೆ ಎಂಬುದಕ್ಕೇ ಅಂಕ. ಲಾಸ್ ಏಂಜಲಿಸ್‌ನ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ 1963ರಲ್ಲಿ ಆರಂಭಿಸಿದ ಪದ್ಧತಿಯಿದು. 1975ರಲ್ಲಿ ಡಂಡಿಯ ರೊನಾಲ್ಡ್ ಹಾರ್ಡನ್ ಪರೀಕ್ಷೆಯನ್ನೇ ಹಲವು ಮೇಜುಗಳಿಗೆ ಹಂಚಿದರು. ಗಂಟೆ ಬಾರಿಸಿದರೆ ಮುಂದಿನ ಮೇಜಿಗೆ. ಯಾರ ಪಾಲಿಗೆ ಯಾವ ಕೇಸು ಎಂಬ ಅದೃಷ್ಟದಾಟವಿಲ್ಲ.

ಚಿಕ್ಕಬಳ್ಳಾಪುರದಲ್ಲೂ ಈಗ ವೈದ್ಯಕೀಯ ಕಾಲೇಜಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರಿಗೆ ಆ ಕೆಲಸದಿಂದಲೇ ಆಸ್ತಮಾ ಬರಬಹುದು. “ಏನು ಕೆಲಸ ಮಾಡ್ತೀರಿ?” ಎಂದು ಕೇಳದವನಿಗೆ ಕಾರಣ ಸಿಗದು. ಚಿಂತಾಮಣಿ, ಗೌರಿಬಿದನೂರು ಕಡೆ ಅದನ್ನೇ ತೆಲುಗಿನಲ್ಲೂ ಕೇಳಬೇಕಾದೀತು! ನೀಟ್ ಅಂಕ ಇಲ್ಲಿ ನೆರವಿಗೆ ಬಾರದು. ಆದರೆ ಎದೆಯೊಳಗಿನ ಸಿಳ್ಳನ್ನು ನಟಿಸುವುದು ಸುಲಭವಲ್ಲ. ಅದನ್ನು ಕೇಳಿಸಿಕೊಳ್ಳಲು ವಾರ್ಡಿಗೇ ಹೋಗಬೇಕು.