ಬುಸಾಕೊ ಕದನ (1810): ಗೆದ್ದ ಸೇನೆಯ ಹಿನ್ನಡೆ

ಐಬೀರಿಯ ಪರ್ಯಾಯ ದ್ವೀಪದಲ್ಲಿ 1808ರಿಂದ 1814ರವರೆಗೆ ನಡೆದ ಯುದ್ಧದಲ್ಲಿ ಬುಸಾಕೊ ಕದನಕ್ಕೆ ವಿಶಿಷ್ಟ ಸ್ಥಾನವಿದೆ. ಪೋರ್ಚುಗಲ್ಲಿನ ಬೆಟ್ಟಸಾಲೊಂದರ ಮೇಲೆ 1810ರ ಸೆಪ್ಟೆಂಬರ್ 27ರಂದು ಫ್ರೆಂಚರನ್ನು ಸೋಲಿಸಿದ ಸೇನೆ ಮರುದಿನ ರಾತ್ರಿಯೇ ಆ ನೆಲೆಯನ್ನು ತೆರವು ಮಾಡಿತು. ಈ ವಿರೋಧಾಭಾಸದ ಕಾರಣವನ್ನು ಅರಿಯದೆ ಕದನದ ಮಹತ್ವವನ್ನು ನಿರ್ಣಯಿಸಲಾಗದು.

ಬ್ರಿಟಿಷರನ್ನು ಸಮುದ್ರಕ್ಕಟ್ಟಿ ಲಿಸ್ಬನ್ನನ್ನು ವಶಪಡಿಸಿಕೊಳ್ಳಲು ನೆಪೋಲಿಯನ್ ಮಾರ್ಷಲ್ ಮಸೇನಾನನ್ನು ನಿಯೋಜಿಸಿದ್ದನು. ಅವನ ಬಳಿ ಸುಮಾರು 65,000 ಸೈನಿಕರಿದ್ದರು. ಎದುರಿಗಿದ್ದ ವೆಲಿಂಗ್ಟನ್ನನ ಸುಮಾರು 50,000 ಸೈನಿಕರಲ್ಲಿ ಅರ್ಧದಷ್ಟು ಮಂದಿ ಬೆರೆಸ್‌ಫರ್ಡ್‌ನಿಂದ ಹೊಸದಾಗಿ ತರಬೇತಿ ಪಡೆದ ಪೋರ್ಚುಗೀಸರು.

ವೆಲಿಂಗ್ಟನ್ ತನ್ನ ಪಡೆಗಳ ಬಹುಭಾಗವನ್ನು ಬೆಟ್ಟದ ನೆತ್ತಿಯ ಹಿಂಬದಿಯ ಇಳಿಜಾರಿನಲ್ಲಿ ನಿಲ್ಲಿಸಿದ್ದನು. ಇದರಿಂದ ಅವು ಫಿರಂಗಿ ಗುಂಡುಗಳಿಂದಲೂ ಶತ್ರುವಿನ ಕಣ್ಣಿನಿಂದಲೂ ಮರೆಯಾಗಿದ್ದವು. ಮುಂಜಾನೆಯ ಮಂಜಿನಲ್ಲಿ ರೆನ್ಯೇಯ ದಳವೂ, ಅನಂತರ ಉತ್ತರದಲ್ಲಿ ಸುಲಾ ಗ್ರಾಮದ ಕಡೆಯಿಂದ ಮಾರ್ಷಲ್ ನೇಯ ದಳವೂ ಕಡಿದಾದ ಏರನ್ನು ಹತ್ತಿದವು. ಏದುಸಿರು ಬಿಡುತ್ತ ನೆತ್ತಿ ತಲುಪಿದ ಫ್ರೆಂಚರು ಅಲ್ಲಿ ಅಡಗಿದ್ದ ಸಾಲುಗಳ ಗುಂಡಿನ ಸುರಿಮಳೆಗೆ ಸಿಕ್ಕಿದರು. ಅವರಲ್ಲಿ ಸತ್ತವರು, ಗಾಯಗೊಂಡವರು ಮತ್ತು ಸೆರೆಸಿಕ್ಕವರು ಸುಮಾರು 4,500. ಮಿತ್ರಸೇನೆಯ ನಷ್ಟ ಸುಮಾರು 1,250. ಈ ನಷ್ಟವನ್ನು ಬ್ರಿಟಿಷರೂ ಪೋರ್ಚುಗೀಸರೂ ಬಹುತೇಕ ಸಮವಾಗಿ ಹಂಚಿಕೊಂಡರೆಂಬುದು ಗಮನಾರ್ಹ. ಹೊಸ ಪೋರ್ಚುಗೀಸ್ ಸೇನೆ ಪರೀಕ್ಷೆಯಲ್ಲಿ ಉತ್ತೀರ್ಣವಾಗಿತ್ತು.

ಮರುದಿನ ಮಸೇನಾ ಬೆಟ್ಟಸಾಲಿನ ಉತ್ತರಕ್ಕಿದ್ದ ಬಳಸುದಾರಿಯನ್ನು ಹಿಡಿದನು. ವೆಲಿಂಗ್ಟನ್ ಕೊಯಿಂಬ್ರಾ ಮಾರ್ಗವಾಗಿ ಹಿಂದೆ ಸರಿದನು. ಆದರೆ ಇದು ಪಲಾಯನವಲ್ಲ, ಪೂರ್ವಯೋಜಿತ ಹಿನ್ನಡೆ. ಲಿಸ್ಬನ್ನಿನ ಉತ್ತರಕ್ಕೆ, ಟೇಗಸ್ ನದಿಯಿಂದ ಸಮುದ್ರದವರೆಗೆ ಟೊರೆಸ್ ವೆದ್ರಸ್ ರಕ್ಷಣಾ ಸಾಲುಗಳನ್ನು 1809ರ ಅಕ್ಟೋಬರಿನ ಆದೇಶದಂತೆ ಗುಟ್ಟಾಗಿ ಕಟ್ಟಲಾಗುತ್ತಿತ್ತು. 1810ರ ಅಕ್ಟೋಬರಿನಲ್ಲಿ ಅವುಗಳ ಮುಂದೆ ಬಂದು ನಿಂತ ಮಸೇನಾ ದಾಳಿಗೆ ಮುಂದಾಗದೆ ನವೆಂಬರಿನಲ್ಲಿ ಸಾಂತರೆಂಗೆ ಸರಿದನು. 1811ರ ಮಾರ್ಚಿನಲ್ಲಿ ಹಸಿದ ಸೇನೆಯೊಡನೆ ಹಿಂದಿರುಗಿದನು.

ಹಸಿವನ್ನು ಆಯುಧವಾಗಿಸಿದ ಈ ಯುದ್ಧಕ್ರಮವನ್ನು ಪರಿಶೀಲಿಸುವಾಗ ವೆಲಿಂಗ್ಟನ್ನನ ಕನ್ನಡ ನಾಡಿನ ಅನುಭವವೂ ಉಲ್ಲೇಖನೀಯ. 1799ರಲ್ಲಿ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಈತನೇ. 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿದಾಗ ಅವನ ದಂಡಿನ ನಡೆ ಎತ್ತುಗಳನ್ನೂ ದವಸವನ್ನೂ ಅವಲಂಬಿಸಿತ್ತು. ಪೋರ್ಚುಗಲ್ಲಿನಲ್ಲಿ ತನ್ನ ಸೇನೆಗೆ ಆಹಾರ ಒದಗಿಸಿದಷ್ಟೇ ಎಚ್ಚರದಿಂದ ಶತ್ರುವಿಗೆ ಅದು ದೊರೆಯದಂತೆಯೂ ಅವನು ನೋಡಿಕೊಂಡನು.

ಇದರ ಬೆಲೆ ತೆತ್ತವರು ಪೋರ್ಚುಗಲ್ಲಿನ ರೈತರು. ಬೆಳೆ ನಾಶಮಾಡಿ ಊರು ತೊರೆಯಬೇಕೆಂಬ ಆಜ್ಞೆಯಿಂದ ನಿರಾಶ್ರಿತರಾದವರಲ್ಲಿಯೂ, ಊರಿನಲ್ಲಿಯೇ ಉಳಿದು ಸುಲಿಗೆಗೆ ಒಳಗಾದವರಲ್ಲಿಯೂ ಹತ್ತಾರು ಸಾವಿರ ಜನ ಹಸಿವು, ರೋಗಗಳಿಗೆ ಬಲಿಯಾದರು. ಬುಸಾಕೊದ ಗೆಲುವನ್ನು ಬೆಟ್ಟದ ಮೇಲೆ ಬಿದ್ದವರ ಸಂಖ್ಯೆಯಿಂದಷ್ಟೇ ಅಳೆದರೆ, ಆ ಗೆಲುವನ್ನು ಸಾರ್ಥಕಗೊಳಿಸಿದ ಹಿನ್ನಡೆಯೂ ಅದರ ಹೊರೆ ಹೊತ್ತ ಜನರೂ ಚರಿತ್ರೆಯ ಲೆಕ್ಕದಿಂದ ಹೊರಗುಳಿಯುತ್ತಾರೆ.