ಹತ್ತು ಸೆಂಟಿನ ಆಟಿಕೆ

ಊಟಕ್ಕೆಂದು ಹೋದ ಮಗು ಊಟ ಬಿಟ್ಟು ಆಟಿಕೆಗಾಗಿ ಅತ್ತರೆ ತಪ್ಪು ಯಾರದು? ಮಗುವಿನದೋ, ಅಂಗಡಿಯವರದೋ, ಕೈಹಿಡಿದು ಅಲ್ಲಿಗೆ ಕರೆದೊಯ್ದ ಅಪ್ಪ ಅಮ್ಮಂದಿರದೋ? 2010ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಡಳಿತ ಮಂಡಲಿಯ ಮುಂದೆ ಬಂದದ್ದು ಇದೇ ಪ್ರಶ್ನೆ.

ಮ್ಯಾಕ್‌ಡೊನಾಲ್ಡ್ಸ್ ಕಂಪನಿಯ 'ಹ್ಯಾಪಿ ಮೀಲ್' 1979ರಿಂದ ಅಲ್ಲಿನ ಮಕ್ಕಳಿಗೆ ಚಿರಪರಿಚಿತ. ಬಣ್ಣದ ಡಬ್ಬಿಯೊಳಗೆ ಬರ್ಗರ್ ಇಲ್ಲವೇ ಕೋಳಿಮಾಂಸದ ತುಣುಕು, ಕರಿದ ಆಲೂಗೆಡ್ಡೆ, ಕುಡಿಯಲು ಏನಾದರೊಂದು. ಜೊತೆಗೆ ಪುಟ್ಟದೊಂದು ಆಟಿಕೆ. ಆಟಿಕೆಗಳು ಬರುವುದು ಸರಣಿಯಾಗಿ. ಈ ವಾರ ಒಂದು ಸಿಕ್ಕಿದರೆ ಮುಂದಿನ ವಾರ ಅದರ ಜೋಡಿ ಬೇಕೇ ಬೇಕು!

ಎರಿಕ್ ಮಾರ್ ಎಂಬ ಸದಸ್ಯರು ತಂದ ಮಸೂದೆ ಬರ್ಗರನ್ನೂ ನಿಷೇಧಿಸಲಿಲ್ಲ, ಆಟಿಕೆಯನ್ನೂ ನಿಷೇಧಿಸಲಿಲ್ಲ. ಎರಡರ ನಂಟಿಗೆ ಷರತ್ತು ಹಾಕಿತು, ಅಷ್ಟೆ. ಆಟಿಕೆಯನ್ನು ಪುಕ್ಕಟೆಯಾಗಿ ಕೊಡಬೇಕಾದರೆ ಊಟದಲ್ಲಿ 600 ಕ್ಯಾಲೊರಿಗಿಂತ ಹೆಚ್ಚಿರಬಾರದು, ಸೋಡಿಯಂ 640 ಮಿಲಿಗ್ರಾಂ ಮೀರಬಾರದು, ಹಣ್ಣು ತರಕಾರಿ ಇರಬೇಕು. ಮೇಯರ್ ಗ್ಯಾವಿನ್ ನ್ಯೂಸಮ್ (2019ರಲ್ಲಿ ಇವರೇ ಕ್ಯಾಲಿಫೋರ್ನಿಯದ ಗವರ್ನರ್ ಆದರು) ಇದಕ್ಕೆ ಅಂಕಿತ ಹಾಕಲಿಲ್ಲ. ಮಕ್ಕಳು ಏನು ತಿನ್ನಬೇಕೆಂಬುದನ್ನು ತಂದೆತಾಯಿಗಳು ತೀರ್ಮಾನಿಸಲಿ, ರಾಜಕಾರಣಿಗಳಲ್ಲ ಎಂಬುದು ಅವರ ನಿಲುವು. ಮಂಡಲಿ 8-3 ಮತಗಳಿಂದ ಮೇಯರರ ತಡೆಯನ್ನು ತಳ್ಳಿಹಾಕಿತು.

2011ರ ಡಿಸೆಂಬರ್ 1ರಂದು ಕಾನೂನು ಜಾರಿಗೆ ಬಂತು. ಅಂದಿನಿಂದಲೇ ಕಂಪನಿ ಆಟಿಕೆಗೆ ಬೆಲೆ ಕಟ್ಟಿತು: ಹತ್ತು ಸೆಂಟು. ಪುಕ್ಕಟೆ ಕೊಡಬಾರದು ತಾನೆ? ಮಾರಿದರಾಯಿತು. ಅದೂ ಹ್ಯಾಪಿ ಮೀಲ್ ಕೊಂಡವರಿಗೆ ಮಾತ್ರ, ಬಂದ ಹಣ ಕಾಯಿಲೆ ಮಕ್ಕಳ ಕುಟುಂಬಗಳಿಗೆ ನೆರವಾಗುವ ಧರ್ಮಸಂಸ್ಥೆಗೆ. ಆಟಿಕೆ ಕೊಂಡವರಿಗೆ ಪುಣ್ಯವೂ ಬಂತು! ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಚಾಣಾಕ್ಷತನವೆಂದರೆ ಇದೇ.

ಹಾಗಾದರೆ ಕಾನೂನು ಸೋತಿತೆ? ಅಷ್ಟು ಸುಲಭವಾಗಿ ಹೇಳಲಾಗದು. ಈ ಗಲಾಟೆ ನಡೆದಿರುವಾಗಲೇ, 2011ರ ಜುಲೈಯಲ್ಲಿ, ಕಂಪನಿ ದೇಶದಾದ್ಯಂತ ಹ್ಯಾಪಿ ಮೀಲಿನ ಆಲೂಗೆಡ್ಡೆಯ ಪ್ರಮಾಣವನ್ನು ಇಳಿಸಿ ಸೇಬಿನ ಹೋಳುಗಳನ್ನು ಸೇರಿಸುವುದಾಗಿ ಪ್ರಕಟಿಸಿತು. ಕಾನೂನಿನ ಭಯವಿಲ್ಲದಿದ್ದರೆ ಆ ಸೇಬು ಬರುತ್ತಿತ್ತೆ ಎಂಬುದು ಕೇಳಬೇಕಾದ ಮಾತು.

ಮೇಯರರ ವಾದದಲ್ಲಿ ಹುರುಳಿಲ್ಲದಿಲ್ಲ. ನಾಲ್ಕು ವರ್ಷದ ಮಗುವಿನ ಜೇಬಿನಲ್ಲಿ ಕಾಸಿರುವುದಿಲ್ಲ, ಕೊಡುವವರು ದೊಡ್ಡವರೇ. ನಮ್ಮಲ್ಲೂ ನೋಡಿ, "ನೂರಕ್ಕೆ ತೊಂಬತ್ತು ತಗೊ, ಪಿಜ್ಜಾ ಕೊಡಿಸ್ತೀನಿ" ಎನ್ನುವವರು ಯಾವ ಕಂಪನಿಯ ಏಜೆಂಟರೂ ಅಲ್ಲ, ಮನೆಯವರೇ. ಆದರೆ ಜಾಹೀರಾತು ಮಾತಾಡುವುದು ದೊಡ್ಡವರೊಡನೆ ಅಲ್ಲ, ಮಗುವಿನೊಡನೆ. ಸುಮಾರು ಎಂಟು ವರ್ಷದೊಳಗಿನ ಮಕ್ಕಳಿಗೆ, ಎದುರಿಗಿರುವುದು ತಮ್ಮಿಂದ ಏನನ್ನೋ ಕೊಳ್ಳಿಸಲು ಹೂಡಿದ ಮಾತು ಎಂಬುದೇ ತಿಳಿಯುವುದಿಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮಿತಿಯೊಂದು 2004ರಲ್ಲಿ ಹೇಳಿತ್ತು. ತಾಯಿ ಹತ್ತು ಸಲ 'ಬೇಡ' ಎಂದು ಗೆದ್ದರೂ ಹನ್ನೊಂದನೆಯ ಸಲ, ನಾಲ್ಕು ಜನರೆದುರು ಮಗು ನೆಲಕ್ಕೆ ಬಿದ್ದು ಹೊರಳಿದಾಗ, ಸೋಲುತ್ತಾಳೆ. ವ್ಯಾಪಾರಕ್ಕೆ ಆ ಒಂದು ಸೋಲು ಸಾಕು.

ಅಮೆರಿಕದ ಕೇಂದ್ರ ವಾಣಿಜ್ಯ ಆಯೋಗ 1978ರಲ್ಲೇ ಪುಟ್ಟ ಮಕ್ಕಳನ್ನು ಗುರಿಯಾಗಿಸಿದ ಟಿ.ವಿ. ಜಾಹೀರಾತುಗಳನ್ನು ತಡೆಯಲು ಹೊರಟು ಪೆಟ್ಟು ತಿಂದಿತ್ತು. ಸರ್ಕಾರ ದೇಶಕ್ಕೇ ದಾದಿಯಾಗ ಹೊರಟಿದೆ ಎಂದು ಪತ್ರಿಕೆ ಗೇಲಿ ಮಾಡಿತು. 1980ರಲ್ಲಿ ಸಂಸತ್ತು ಆಯೋಗದ ಅಧಿಕಾರವನ್ನೇ ಮೊಟಕುಗೊಳಿಸಿತು. ಸೋಜಿಗವೆಂದರೆ ಅದೇ ವರ್ಷ ಪಕ್ಕದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, 13 ವರ್ಷದೊಳಗಿನ ಮಕ್ಕಳನ್ನು ಉದ್ದೇಶಿಸಿದ ಜಾಹೀರಾತುಗಳ ಮೇಲಿನ ನಿಷೇಧ ಜಾರಿಗೆ ಬಂತು. ಆಟಿಕೆ ಕಂಪನಿಯೊಂದು ಕೋರ್ಟಿಗೆ ಹೋಯಿತು. 1989ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು.

ಕ್ವಿಬೆಕ್‌ನಲ್ಲಿ ತಾನಾಗಿಯೇ ಒಂದು ಪ್ರಯೋಗ ನಡೆದುಹೋಯಿತು. ಮಾಂಟ್ರಿಯಲ್ ನಗರದ ಫ್ರೆಂಚ್ ಮಾತಾಡುವ ಮಕ್ಕಳು ಸ್ಥಳೀಯ ಟಿ.ವಿ. ನೋಡುತ್ತಿದ್ದರು, ಇಂಗ್ಲಿಷ್ ಮಕ್ಕಳು ಗಡಿಯಾಚೆಯ ಅಮೆರಿಕನ್ ಚಾನೆಲ್‌ಗಳನ್ನು ಹೆಚ್ಚಾಗಿ ನೋಡುತ್ತಿದ್ದರು, ಅಲ್ಲಿಂದ ಬರುವ ಜಾಹೀರಾತಿಗೆ ಕ್ವಿಬೆಕ್ ಕಾನೂನು ತಟ್ಟುತ್ತಿರಲಿಲ್ಲ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಮೆರಿಕನ್ ಟಿ.ವಿ. ಹೆಚ್ಚು ನೋಡುವ ಮಕ್ಕಳ ಮನೆಗಳಲ್ಲಿ ಮಕ್ಕಳಿಗೆಂದೇ ತಯಾರಾದ ಬೆಳಗಿನ ತಿಂಡಿಯ ಪೊಟ್ಟಣಗಳು ಹೆಚ್ಚಾಗಿದ್ದವು. ಫ್ರೆಂಚ್ ಮನೆಗಳಲ್ಲಿ ಕಡಿಮೆ. ಊರು ಒಂದೇ, ಅಂಗಡಿಗಳೂ ಒಂದೇ, ಪರದೆ ಬೇರೆ.

ಚಿಲಿ ದೇಶ ಇನ್ನೂ ಮುಂದೆ ಹೋಯಿತು. 2016ರಿಂದ ಅಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣಗಳ ಮೇಲೆ ಕಪ್ಪು ಅಷ್ಟಕೋನದ ಎಚ್ಚರಿಕೆ ಕಡ್ಡಾಯ. ಅಂಥವುಗಳ ಮೇಲಿದ್ದ ಕಾರ್ಟೂನು ಹುಲಿ, ಮೊಲಗಳೆಲ್ಲ ಮಾಯವಾದವು.

ಭಾರತದಲ್ಲಿ ಕಾನೂನೇ ಇಲ್ಲವೆಂದಲ್ಲ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಬೆಂಗಳೂರಿನಲ್ಲಾಗಲಿ ಬಳ್ಳಾರಿಯಲ್ಲಾಗಲಿ, ಮಗುವನ್ನು ಕರೆತರಲು ಹೋದವರು ಗೇಟಿನಿಂದ ಎಪ್ಪತ್ತು ಹೆಜ್ಜೆ ಎಣಿಸಿ ನೋಡಬಹುದು. ಇನ್ನು ಚಿಪ್ಸ್, ತಂಪು ಪಾನೀಯಗಳನ್ನು ಮಕ್ಕಳ ಚಾನೆಲ್‌ಗಳಲ್ಲೂ ಮಕ್ಕಳ ಕಾರ್ಯಕ್ರಮಗಳ ನಡುವೆಯೂ ಜಾಹೀರು ಮಾಡಬಾರದೆಂದು ಕೇಂದ್ರದ 2022ರ ಮಾರ್ಗಸೂಚಿ ವಿಧಿಸಿದೆ. ಆದರೆ ಮಗು ಅಪ್ಪನ ತೊಡೆಯ ಮೇಲೆ ಕುಳಿತು ನೋಡುವ ಕ್ರಿಕೆಟ್ ಪಂದ್ಯ ಮಕ್ಕಳ ಕಾರ್ಯಕ್ರಮವಲ್ಲ. ಓವರು ಮುಗಿದೊಡನೆ ಬರುವ ಚಿಪ್ಸ್ ಪೊಟ್ಟಣಕ್ಕೆ ಆ ಮಾರ್ಗಸೂಚಿಯ ಅಡ್ಡಿಯಿಲ್ಲ.