ದೀಪದ ಹೆಣ್ಣಿಗೆ ರವಿವರ್ಮನ ಹೆಸರೇಕೆ?

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೊರಟವರಿಗೆ ಹಂಗಳ ಒಂದು ಕವಲುದಾರಿಯ ಊರು. ಒಂದು ದಾರಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ, ಇನ್ನೊಂದು ಬಂಡೀಪುರದ ಕಾಡಿಗೆ. ಮುಂಗಾರಿನ ದಿನಗಳಲ್ಲಿ ಈ ಭಾಗದ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿತೆಂದರೆ ಪ್ರವಾಸಿಗರು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಲದವರ ಮನೆಯ ಮಕ್ಕಳಿಗೆ ಅದು ದಿನನಿತ್ಯದ ನೋಟ. ರಜೆಯ ದಿನ ಚಂದದ ಜಾಗ ಹುಡುಕಿ ಅವರು ಬಸ್ಸು ಹತ್ತುವುದು ಮೈಸೂರಿಗೆ.

ಹಾಗೆ ಹೋದ ಗೆಳತಿಯರಿಬ್ಬರು ದೊಡ್ಡ ಅರಮನೆ, ಮೃಗಾಲಯ ನೋಡಿದ ಮೇಲೆ ಜಗನ್ಮೋಹನ ಅರಮನೆಯ ಚಿತ್ರಶಾಲೆಗೂ ಕಾಲಿಡುತ್ತಾರೆ ಎನ್ನೋಣ. ಅಲ್ಲಿ ಎಲ್ಲರೂ ಕೇಳಿಕೊಂಡು ಹೋಗುವ ಚಿತ್ರ ಒಂದೇ: ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿ ನಿಂತ ಹೆಣ್ಣು. ‘ಇದು ರವಿವರ್ಮನ ಚಿತ್ರ’ ಎಂದು ಒಬ್ಬಳು ಹೇಳುತ್ತಾಳೆ. ‘ಹೌದು, ನಮ್ಮ ಮನೆಯಲ್ಲೂ ಇದೆ’ ಎಂದು ಮತ್ತೊಬ್ಬಳು ತಲೆಯಾಡಿಸುತ್ತಾಳೆ. ಎಷ್ಟೋ ವರ್ಷಗಳಿಂದ ಆ ಚಿತ್ರದ ಮುಂದೆ ನಡೆದುಬಂದ ಮಾತು ಇದು. ಆದರೆ ಚಿತ್ರ ರವಿವರ್ಮನದಲ್ಲ.

ಹಾಗಾದರೆ ಯಾರದು? ತಪ್ಪು ಹೆಸರು ಅದಕ್ಕೆ ಅಂಟಿಕೊಂಡಿದ್ದಾದರೂ ಹೇಗೆ? ಉತ್ತರ ಹುಡುಕಹೊರಟರೆ ಒಂದು ಅರಮನೆಯ ಕಥೆ, ಒಂದು ಅಚ್ಚುಕೂಟದ ಕಥೆ, ಒಬ್ಬ ತಂದೆ-ಮಗಳ ಕಥೆ ಒಟ್ಟಿಗೇ ತೆರೆದುಕೊಳ್ಳುತ್ತವೆ.

ಅಧಿಕಾರ ಕಳೆದುಕೊಂಡ ಅರಸನ ಅರಮನೆ

ಅಂಬಾವಿಲಾಸ ಅರಮನೆಯ ಪಶ್ಚಿಮಕ್ಕೆ ಕೂಗಳತೆಯ ದೂರದಲ್ಲಿರುವ ಜಗನ್ಮೋಹನವನ್ನು 1861ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಆಡಳಿತವನ್ನು ಬ್ರಿಟಿಷರು 1831ರಲ್ಲೇ ತಮ್ಮ ಕೈಗೆ ತೆಗೆದುಕೊಂಡಿದ್ದರು. ರಾಜ್ಯವಾಳುವ ಕೆಲಸ ಕೈತಪ್ಪಿದ ಅರಸರು ಸಾಹಿತ್ಯ, ಸಂಗೀತ, ಚಿತ್ರಕಲೆಯತ್ತ ತಿರುಗಿದರು. ದೇವತಾಮೂರ್ತಿಗಳ ಲಕ್ಷಣಗಳನ್ನು ಚಿತ್ರ ಸಮೇತ ವಿವರಿಸುವ ‘ಶ್ರೀತತ್ತ್ವನಿಧಿ’ ಅವರ ಕಾಲದ ದೊಡ್ಡ ಸಾಧನೆ. ಚಿನ್ನದ ರೇಕು ಬಳಸುವ ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಬೆಳೆದದ್ದೂ ಅವರ ಆಶ್ರಯದಲ್ಲೇ.

ಚಾಮರಾಜನಗರದವರಿಗೆ ಈ ಅರಸರು ಹೊರಗಿನವರಲ್ಲ. ಅವರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರ ಎಂಬ ಹೆಸರಿಟ್ಟವರು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದವರು ಇವರೇ.

1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ ಮುಗಿದದ್ದು 1912ರಲ್ಲಿ. ನಡುವಿನ ವರ್ಷಗಳಲ್ಲಿ ರಾಜಮನೆತನಕ್ಕೆ ಜಗನ್ಮೋಹನವೇ ಆಸರೆ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ಅಧಿಕಾರ ವಹಿಸಿಕೊಂಡದ್ದು ಇಲ್ಲಿನ ಸಭಾಮಂಟಪದಲ್ಲಿ. 1907ರಲ್ಲಿ ಮೈಸೂರು ಶಾಸನ ಪರಿಷತ್ತಿನ ಮೊದಲ ಅಧಿವೇಶನಕ್ಕೂ ಜಾಗ ಕೊಟ್ಟದ್ದು ಇದೇ ಕಟ್ಟಡ. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1955ರಲ್ಲಿ ‘ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ’ ಎಂಬ ಹೆಸರು ಬಂತು.

ಒಡೆಯರ ವಂಶವೃಕ್ಷವನ್ನು ಇಲ್ಲಿನ ಗೋಡೆಯೊಂದರ ಮೇಲೆ ಚಿತ್ರಿಸಲಾಗಿದೆ. ಆ ವಂಶದಲ್ಲಿ ಹಂಗಳದವರು ಹುಡುಕಿಕೊಳ್ಳಬೇಕಾದ ಒಂದು ಹೆಸರಿದೆ: ಚಿಕ್ಕದೇವರಾಜ ಒಡೆಯರು. 1673ರಲ್ಲಿ ಪಟ್ಟಕ್ಕೆ ಬರುವ ಮುನ್ನ ಅವರನ್ನು ಹಂಗಳದಲ್ಲಿ ಕಾವಲಿನಲ್ಲಿ ಇರಿಸಲಾಗಿತ್ತು ಎಂದು ಇತಿಹಾಸಕಾರರು ಬರೆದಿದ್ದಾರೆ. ಆ ದಿನಗಳ ಒಡನಾಡಿ ವಿಶಾಲಾಕ್ಷ ಪಂಡಿತ ಮುಂದೆ ಅವರ ಮಂತ್ರಿಯಾದ. ಮೂರು ಶತಮಾನ ಕಳೆದ ಮೇಲೂ ಹಂಗಳ ಮೈಸೂರಿನತ್ತಲೇ ಮುಖ ಮಾಡಿದೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ಬೇರೆಯಾಗುವವರೆಗೂ ಅದಕ್ಕೆ ಮೈಸೂರೇ ಜಿಲ್ಲಾ ಕೇಂದ್ರವಾಗಿತ್ತು.

ದೇವರನ್ನು ಮನೆಗೆ ತಂದ ಅಚ್ಚುಕೂಟ

ಚಿತ್ರಶಾಲೆಯಲ್ಲಿ ರವಿವರ್ಮನ ಚಿತ್ರಗಳಿಗೇನೂ ಕೊರತೆಯಿಲ್ಲ. 1848ರಲ್ಲಿ ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದ ಆತ ಮೈಸೂರು ಅರಸರ ಆಹ್ವಾನದ ಮೇಲೆ ಇಲ್ಲಿಗೆ ಬಂದು ಕೆಲಸ ಮಾಡಿದ್ದುಂಟು. ‘ಇಂದ್ರಜಿತುವಿನ ವಿಜಯ’, ‘ಸಮುದ್ರರಾಜನ ಗರ್ವಭಂಗ ಮಾಡುವ ಶ್ರೀರಾಮ’ ಆತ ಬದುಕಿನ ಕೊನೆಯ ವರ್ಷಗಳಲ್ಲಿ ಮೈಸೂರಿಗಾಗಿ ಬರೆದ ಪುರಾಣ ಚಿತ್ರಗಳು. ಕೆರಳಿದ ಕಡಲು, ಬಿಲ್ಲು ಹಿಡಿದ ರಾಮ, ಬಟ್ಟೆಯ ನೆರಿಗೆ, ಒಡವೆಯ ಹೊಳಪು ಎಲ್ಲವೂ ಕಣ್ಣೆದುರು ನಡೆದಂತೆ ಕಾಣುವ ತೈಲವರ್ಣಗಳು.

ಆದರೆ ಹಳ್ಳಿ ಹಳ್ಳಿಗೆ ರವಿವರ್ಮನ ಹೆಸರನ್ನು ಮುಟ್ಟಿಸಿದ್ದು ಅರಮನೆಯ ಚಿತ್ರಗಳಲ್ಲ, ಅಚ್ಚಿನ ಚಿತ್ರಗಳು. 1894ರಲ್ಲಿ ಆತ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಸ್ಥಾಪಿಸಿದ. ನುಣುಪಾದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಶಾಯಿಯಿಂದ ಚಿತ್ರ ಬರೆದು ನೀರು ಸವರುತ್ತಾರೆ. ಜಿಡ್ಡು ಇರುವ ಕಡೆ ನೀರು ನಿಲ್ಲದು, ನೀರು ನಿಂತ ಕಡೆ ಬಣ್ಣ ಹಿಡಿಯದು. ಹೀಗೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಾಗದವನ್ನು ಎಲ್ಲ ಕಲ್ಲುಗಳ ಮೇಲೂ ಸರದಿಯಂತೆ ಒತ್ತಿದಾಗ ಬಣ್ಣದ ಮೇಲೆ ಬಣ್ಣ ಕೂತು ಪೂರ್ಣ ಚಿತ್ರ ಮೂಡುತ್ತದೆ. ಮುದ್ರಣಾಲಯವನ್ನು ಮುಂದೆ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಕೊಂಡರೂ ರವಿವರ್ಮನ ಹೆಸರಿನ ವ್ಯಾಪಾರ ನಿಲ್ಲಲಿಲ್ಲ.

ಪರಿಣಾಮ ದೊಡ್ಡದು. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ಚೌಕಟ್ಟಿನೊಳಗೆ ಕೂತು ಬಡವರ ಮನೆಯ ಗೋಡೆಗೂ ಬಂದರು. ಜವಳಿ ಅಂಗಡಿ, ದಿನಸಿ ಅಂಗಡಿಗಳ ಕ್ಯಾಲೆಂಡರುಗಳು ಅದೇ ಮಾದರಿ ಹಿಡಿದವು. ಲಕ್ಷಣವಾದ ಮುಖ, ತುಂಬು ಸೀರೆ, ನಿಜವೆನಿಸುವ ನೆರಳು ಬೆಳಕು ಇದ್ದ ಚಿತ್ರವೆಲ್ಲ ಜನರ ಬಾಯಲ್ಲಿ ‘ರವಿವರ್ಮನ ಚಿತ್ರ’ವಾಯಿತು. ಚೆಲುವೆಯನ್ನು ಹೊಗಳುವಾಗ ‘ರವಿವರ್ಮ ಬರೆದ ಗೊಂಬೆಯಂತಿದ್ದಾಳೆ’ ಎನ್ನುವುದು ವಾಡಿಕೆಯಾಯಿತು. ಒಬ್ಬನ ಹೆಸರು ಒಂದು ಶೈಲಿಯ ಹೆಸರಾದಾಗ ಆ ಶೈಲಿಯ ಉಳಿದವರು ಮರೆಗೆ ಸರಿಯುವುದು ಸಹಜ. ದೀಪದ ಹೆಣ್ಣಿನ ವಿಷಯದಲ್ಲಿ ಆದದ್ದೂ ಅದೇ. ಚಿತ್ರವಿರುವ ಕಟ್ಟಡದಲ್ಲೇ ರವಿವರ್ಮನ ಅಸಲಿ ಚಿತ್ರಗಳೂ ಇದ್ದದ್ದು ಗೊಂದಲಕ್ಕೆ ಇನ್ನಷ್ಟು ಇಂಬು ಕೊಟ್ಟಿತು.

ಬರೆದವರು ತಂದೆ, ನಿಂತವಳು ಮಗಳು

‘ಗ್ಲೋ ಆಫ್ ಹೋಪ್’, ಅಂದರೆ ಭರವಸೆಯ ಬೆಳಕು, ಎಂಬ ಹೆಸರಿನಿಂದಲೂ ಕರೆಯಲಾಗುವ ಈ ಚಿತ್ರ ಬರೆದವರು ಸಾವಳಾರಾಮ್ ಲಕ್ಷ್ಮಣ ಹಲ್ದಂಕರ್. 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. 1908ರಲ್ಲಿ ತಮ್ಮದೇ ಕಲಾಶಾಲೆ ತೆರೆದು ಎಷ್ಟೋ ಮಂದಿಗೆ ಕುಂಚ ಹಿಡಿಯುವುದನ್ನು ಕಲಿಸಿದರು. 1906ರಲ್ಲಿ ರವಿವರ್ಮ ತೀರಿಕೊಂಡಾಗ ಹಲ್ದಂಕರ್ ಇನ್ನೂ ಇಪ್ಪತ್ತರ ಹರೆಯದ ಯುವಕ. ಅವರು ದೀಪದ ಚಿತ್ರ ಬರೆದದ್ದು ಅದಾಗಿ ದಶಕಗಳ ನಂತರ. ಅವರು ನಿಧನರಾದದ್ದು 1968ರಲ್ಲಿ.

ದೀಪ ಹಿಡಿದು ನಿಂತವಳು ಕಲ್ಪನೆಯ ಹೆಣ್ಣಲ್ಲ, ಅವರ ಮಗಳು ಗೀತಾ. ಮದುವೆಯ ನಂತರ ಗೀತಾ ಉಪಳೇಕರ್ ಆದ ಆಕೆ ಕೊಲ್ಹಾಪುರದಲ್ಲಿ ನೂರು ವರ್ಷ ದಾಟಿ ಬದುಕಿ, 2018ರ ಅಕ್ಟೋಬರ್‌ನಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಮೈಸೂರಿನ ಗೋಡೆಯ ಮೇಲೆ ಆಕೆಗೆ ವಯಸ್ಸೇ ಆಗಿರಲಿಲ್ಲ. ಆ ಮುಖವನ್ನು ನೋಡಿ ಹೋದ ಅಷ್ಟೂ ಜನರಲ್ಲಿ ಹೆಸರು ಬಲ್ಲವರು ಎಷ್ಟು ಮಂದಿ ಇದ್ದಾರು?

ಇನ್ನೊಂದು ವಿಷಯವೂ ಹೆಚ್ಚಿನವರಿಗೆ ತಿಳಿಯದು. ಇದು ತೈಲವರ್ಣವಲ್ಲ, ಕಾಗದದ ಮೇಲಿನ ಜಲವರ್ಣ. ರವಿವರ್ಮನ ಹೆಸರು ಹೇಳುವವರು ಈ ಒಂದು ಸಂಗತಿ ಗಮನಿಸಿದರೂ ಸಾಕು, ಅನುಮಾನ ಹುಟ್ಟಬೇಕು. ಆತನ ಖ್ಯಾತಿ ಇರುವುದು ತೈಲವರ್ಣದಲ್ಲಿ.

ಈ ವ್ಯತ್ಯಾಸ ಸಣ್ಣದಲ್ಲ. ತೈಲವರ್ಣದಲ್ಲಿ ಕಲಾವಿದ ಕತ್ತಲೆಯಿಂದ ಬೆಳಕಿಗೆ ಬರಬಹುದು. ಮೊದಲು ಕಪ್ಪು ಬಳಿದು, ಅದರ ಮೇಲೆ ಹಳದಿ, ಬಿಳಿ ಇಟ್ಟು ದೀಪ ಹಚ್ಚಬಹುದು. ತಪ್ಪಾದರೆ ಕೆರೆದು ಮತ್ತೆ ಬರೆಯಬಹುದು. ಪಾರದರ್ಶಕ ಜಲವರ್ಣದಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಬಿಳಿಯೆಂದರೆ ಕಾಗದದ ಬಿಳುಪು. ದೀಪದ ಕುಡಿ ಎಲ್ಲಿ ಹೊಳೆಯಬೇಕೋ ಅಲ್ಲಿ ಬಣ್ಣ ತೀರ ತೆಳುವಾಗಿರಬೇಕು, ಇಲ್ಲವೇ ಬಣ್ಣವೇ ಇರಬಾರದು. ಸುತ್ತಲಿನ ಕತ್ತಲೆಯನ್ನು ಪದರ ಪದರವಾಗಿ ಕಟ್ಟುತ್ತಾ, ಬೆಳಕಿನ ಜಾಗವನ್ನು ಮೊದಲಿನಿಂದ ಕೊನೆಯವರೆಗೂ ಕಾಯ್ದುಕೊಳ್ಳಬೇಕು. ಒಂದು ಹನಿ ಜಾರಿದರೆ ದೀಪ ಆರಿತು ಎಂದೇ ಲೆಕ್ಕ. ಚಿತ್ರದಲ್ಲಿರುವ ಹೆಣ್ಣು ದೀಪಕ್ಕೆ ಕೈಮರೆ ಮಾಡಿದಂತೆ, ಕಲಾವಿದನೂ ಅಷ್ಟು ಹೊತ್ತು ಆ ಬೆಳಕಿಗೆ ಕೈಮರೆ ಮಾಡಿಯೇ ಬರೆದಿರಬೇಕು.

ಜಲವರ್ಣದ ಮಾತು ಬಂದಾಗ ನಮ್ಮವರೇ ಆದ ಕೆ. ವೆಂಕಟಪ್ಪನವರನ್ನು ನೆನೆಯದಿರಲಾಗದು. ಸಾಂಪ್ರದಾಯಿಕ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತವರು. 1926ರಲ್ಲಿ ಊಟಿಯ ಮಂಜು, ಗುಡ್ಡ, ಮುಸ್ಸಂಜೆಗಳನ್ನು ಜಲವರ್ಣದಲ್ಲಿ ಹಿಡಿದಿಟ್ಟರು. ಬೆಂಗಳೂರಿನಲ್ಲಿ ಅವರ ಹೆಸರಿನದೇ ಚಿತ್ರಶಾಲೆ ಇದೆ. ಹಂಗಳದ ಮುಂದೆ ಹಾದುಹೋಗುವ ರಸ್ತೆ ಅದೇ ಊಟಿಯ ಬೆಟ್ಟಗಳಿಗೆ ಹೋಗುತ್ತದೆ.

ಕತ್ತಲೆಯೂ ಬೇಕು

ದೀಪದ ಚಿತ್ರವನ್ನು ಮಬ್ಬುಬೆಳಕಿನಲ್ಲಿ ಇಡುವುದು ಪ್ರೇಕ್ಷಕರನ್ನು ಬೆರಗುಗೊಳಿಸಲೆಂದೇ ಎಂದು ಹಲವರು ಭಾವಿಸಿದ್ದಾರೆ. ಹಿನ್ನೆಲೆ ಕತ್ತಲಾದಷ್ಟೂ ಕುಡಿ ಹೊಳೆಯುತ್ತದೆ, ನಿಜ. ಚಿತ್ರದ ಹಿಂದೆ ಬಲ್ಬು ಉರಿಯುತ್ತಿದೆಯೇನೋ ಎಂದು ಇಣುಕಿ ನೋಡುವವರೂ ಇದ್ದಾರೆ. ಆದರೆ ಜಲವರ್ಣಕ್ಕೆ ಬೆಳಕೇ ಶತ್ರು ಎಂಬುದನ್ನೂ ಅರಿಯಬೇಕು. ಬೆಳಕು ಬಿದ್ದಷ್ಟೂ ತೆಳುವಾದ ಬಣ್ಣ ಮಾಸುತ್ತದೆ, ಕಾಗದ ಹಳದಿಗಟ್ಟುತ್ತದೆ. ಹೋದ ಬಣ್ಣ ಯಾವ ಉಪಚಾರಕ್ಕೂ ಹಿಂದಿರುಗದು. ಕಾಗದದ ಮೇಲಿನ ಚಿತ್ರಗಳಿಗೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೇಡ ಎಂಬುದು ಜಗತ್ತಿನ ವಸ್ತುಸಂಗ್ರಹಾಲಯಗಳು ಪಾಲಿಸಿಕೊಂಡು ಬಂದ ರೂಢಿ. ರಾತ್ರಿ ಮನೆಯ ಹಜಾರದಲ್ಲಿ ಓದಲು ಹಚ್ಚುವ ದೀಪ ಇದಕ್ಕಿಂತ ಪ್ರಖರ.

ಜಗನ್ಮೋಹನದೊಳಗೆ ದೀರ್ಘಕಾಲ ಕ್ಯಾಮೆರಾಕ್ಕೆ ಪ್ರವೇಶವಿರಲಿಲ್ಲ. ಮೊಬೈಲ್ ಫೋನ್ ಎಲ್ಲರ ಕೈಗೂ ಬಂದ ಮೇಲೆ ಇಂಥ ನಿಯಮ ಹಲವರಿಗೆ ಕಿರಿಕಿರಿ. ಅಷ್ಟು ದೂರದಿಂದ ಬಂದು ಒಂದು ಫೋಟೊ ಇಲ್ಲದೆ ಹೋಗುವುದೇ ಎಂಬ ಬೇಸರ ಸುಳ್ಳಲ್ಲ. ಆದರೆ ಈ ಚಿತ್ರ ಫೋಟೊದಲ್ಲಿ ಸಿಗುವಂಥದೂ ಅಲ್ಲ. ಕ್ಯಾಮೆರಾ ಕತ್ತಲೆಯನ್ನು ತಿಳಿಯಾಗಿಸಲು ಹೊರಟರೆ ಕುಡಿ ಬಿಳಿಚುತ್ತದೆ. ಕುಡಿಯನ್ನು ಹಿಡಿಯಲು ಹೊರಟರೆ ಸೀರೆಯ ನೆರಿಗೆ ಕಪ್ಪಾಗುತ್ತದೆ. ಬೆರಳ ಸಂದಿಯಲ್ಲಿ ರಕ್ತದ ಕೆಂಪು ತೋರುವಂತೆ ಹಾಯುವ ಬೆಳಕು ಎರಡರಲ್ಲೂ ಕಾಣೆಯಾಗುತ್ತದೆ. ಕ್ಯಾಲೆಂಡರಿನಲ್ಲಿ ನೋಡಿದವರು ನೋಡಿರುವುದು ಇಂಥ ನಕಲಿನ ನಕಲನ್ನು. ರವಿವರ್ಮನ ಹೆಸರು ಬಂದು ಕೂತದ್ದೂ ಆ ನಕಲಿನ ಮೇಲೆಯೇ.

ಇಬ್ಬರು ಹೋಗುವುದರಲ್ಲಿ ಒಂದು ಲಾಭವಿದೆ. ಒಬ್ಬರು ಚಿತ್ರದ ಹತ್ತಿರ ನಿಂತು, ಇನ್ನೊಬ್ಬರು ಹತ್ತು ಹೆಜ್ಜೆ ಹಿಂದೆ ನಿಂತು, ಕಂಡದ್ದನ್ನು ಪರಸ್ಪರ ಹೇಳಿಕೊಳ್ಳಬೇಕು. ಹತ್ತಿರದವರಿಗೆ ಕಾಣುವುದು ಕಾಗದ, ನೀರು ಹರಿದ ಗುರುತು, ಬಣ್ಣದ ಪದರ. ದೂರದವರಿಗೆ ಕಾಣುವುದು ಉರಿಯುವ ದೀಪ. ಆಮೇಲೆ ಜಾಗ ಬದಲಿಸಿ ನೋಡಬೇಕು. ನೀರು ಬೆಳಕಾದ ಗುಟ್ಟು ಆಗ ತಾನಾಗಿ ತಿಳಿಯುತ್ತದೆ. ಅದೇ ಕಣ್ಣಿನಿಂದ ರವಿವರ್ಮನ ತೈಲವರ್ಣಗಳನ್ನು ನೋಡಿದರೆ ಇಬ್ಬರು ಕಲಾವಿದರ ಕೈ ಬೇರೆ ಬೇರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇದರಿಂದ ರವಿವರ್ಮನ ಕೀರ್ತಿಗೆ ಕುಂದೇನೂ ಇಲ್ಲ. ತನ್ನದಲ್ಲದ ಚಿತ್ರದ ಹೊಗಳಿಕೆ ಆತನಿಗೆ ಬೇಕಾಗಿಯೂ ಇಲ್ಲ.

ಸಂಜೆಯ ಬಸ್ಸು ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಬೇಗೂರು, ಗುಂಡ್ಲುಪೇಟೆ ಹಾದು ಹಂಗಳ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಕರೆಂಟು ಹೋದ ರಾತ್ರಿ ಅಡುಗೆಮನೆಯಿಂದ ಜಗಲಿಗೆ ದೀಪ ತರುವಾಗ, ಕಾರ್ತಿಕದಲ್ಲಿ ಹೊಸ್ತಿಲಿಗೆ ಹಣತೆ ಇಡುವಾಗ, ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿಯುವುದು ಇಲ್ಲಿನ ಹೆಂಗಸರಿಗೆ ಯಾರೂ ಕಲಿಸಿದ್ದಲ್ಲ. ಹಲ್ದಂಕರ್ ತಮ್ಮ ಮಗಳಲ್ಲಿ ಕಂಡದ್ದು ಅದೇ ಕೈಯನ್ನು. ಈ ಚಿತ್ರ ಎಲ್ಲರಿಗೂ ತಮ್ಮ ಮನೆಯದೆನಿಸಲು ಅದೇ ಕಾರಣ. ಮನೆಯ ಗೋಡೆಯ ಮೇಲೆ ಅದರ ಅಚ್ಚು ಇದ್ದವರು ಇನ್ನು ಮುಂದೆ ಅದರ ಕೆಳಗೆ ಎರಡು ಹೆಸರು ಬರೆದಿಟ್ಟರೆ ತಂದೆ-ಮಗಳ ಋಣ ಸ್ವಲ್ಪವಾದರೂ ತೀರೀತು.